ಕತ್ತರಿ ಹಿಡಿದು ಓದಿದವಳು

ಇಂಗ್ಲಿಷ್ ಪೇಪರಿನವರಿಗೆ ಒಂದು ಮಾತನ್ನು ನೆಟ್ಟಗೆ ಹೇಳಿದರೆ ಉಂಡ ಅನ್ನ ಅರಗುವುದಿಲ್ಲವೋ ಏನೋ. ಲಗ್ಗೆರೆಯ ಬಾಡಿಗೆ ಕೋಣೆಯಲ್ಲಿ ಶಿವಗಂಗಾಳ ಮುಂದೆ ಬಿದ್ದಿದ್ದ ಆ ಒಂದೇ ವಾಕ್ಯ ಅರ್ಧ ಅಂಕಣ ತಿಂದಿತ್ತು. ಅದರಲ್ಲಿ ಅವಳು ದುಡಿಯುವ ಪೀಣ್ಯದ ಗಾರ್ಮೆಂಟ್ಸ್ ಕಾರ್ಖಾನೆಯ ಹೆಸರಿತ್ತು, ‘ಕ್ಲೋಸ್’ ಎಂಬ ಪದವೂ ಇತ್ತು. ಅಷ್ಟನ್ನೇ ಹಿಡಿದು ವಠಾರದವರೆಲ್ಲ ಬಾಯಲ್ಲೇ ಕಾರ್ಖಾನೆಗೆ ಬೀಗ ಜಡಿದುಬಿಟ್ಟಿದ್ದರು. ಪಕ್ಕದ ಕೋಣೆಯ ದುರ್ಗವ್ವ ಅಲ್ಲೇ ಟೈಲರ್. ಮಗಳ ಶಾಲೆ ಬಿಡಿಸಿ ಸಂಜೆಯ ಬಸ್ಸಿಗೆ ಊರಿಗೆ ಹೊರಟಿದ್ದಳು, ಪಾತ್ರೆ ಪಡಗ ಗಂಟು ಕಟ್ಟಿಯಾಗಿತ್ತು.

“ಬಸ್ಸಿಗಿನ್ನೂ ಹೊತ್ತೈತಿ ತಡಿ ಅಕ್ಕಾ. ನಾ ಓದಿ ಹೇಳ್ತೀನಿ,” ಎಂದಿದ್ದಳು ಶಿವಗಂಗಾ.

ಹೇಳಿದ್ದೇನೋ ಹೇಳಿದಳು. ಪೇಪರ್ ಓದಿ ಇಂಗ್ಲಿಷ್ ಕಲಿಯುವ ಹುಚ್ಚು ಹತ್ತಿ ವರ್ಷವಾಗಿತ್ತು. ಬಿಡಿ ಪದಗಳು ಗೊತ್ತಾಗುತ್ತಿದ್ದವು, ಉದ್ದನೆಯ ವಾಕ್ಯ ಮಾತ್ರ ಜಪ್ಪಯ್ಯ ಅಂದರೂ ಬಗ್ಗುತ್ತಿರಲಿಲ್ಲ. ಫೋನಿಗೆ ತೋರಿಸಿದರೆ ಅದು ಕೊಟ್ಟ ಕನ್ನಡ ಇಂಗ್ಲಿಷಿಗಿಂತ ಕಷ್ಟವಾಗಿತ್ತು.

ಆಗ ತನ್ನ ಸ್ಯಾಂಪಲ್ ವಿಭಾಗ ನೆನಪಾಯಿತು. ಹೊಸ ನಮೂನೆಯ ಅಂಗಿ ಬಂದರೆ ಅಲ್ಲಿ ಹೊಲಿಗೆ ಬಿಚ್ಚಿ, ಕಾಲರು, ತೋಳು, ಜೇಬು ಬೇರೆ ಮಾಡಿ ಹರವಿ ನೋಡುತ್ತಾರೆ. ಕತ್ತರಿ ತಂದು ವಾಕ್ಯವನ್ನು ಕಾಮಾ ಸಿಕ್ಕಲ್ಲೆಲ್ಲ ಕತ್ತರಿಸಿದಳು. ಯೂನಿಯನ್ನಿನವರು ಅಂದದ್ದು ಒಂದು ಕಡೆ, ಹೋದ ವರ್ಷದ ನಷ್ಟದ ಕಥೆ ಇನ್ನೊಂದು ಕಡೆ. ಉಳಿದ ನಡುವಿನ ತುಂಡನ್ನು ಪದ ಪದವಾಗಿ ಬಿಡಿಸಿ ನೆಲದ ಮೇಲಿಟ್ಟಳು. ಕೂಡಿಸಿ ಓದಬೇಕು ಅನ್ನುವಷ್ಟರಲ್ಲಿ ದುರ್ಗವ್ವ ಒದ್ದೆ ಕಾಲಲ್ಲಿ ಬಾಗಿಲು ನೂಕಿಕೊಂಡು ಬಂದಳು. ಗಾಳಿಗೆ ಚೂರುಗಳು ಚೆಲ್ಲಾಪಿಲ್ಲಿಯಾದವು.

ಶಿವಗಂಗಾ ಬಾಚಿ ಜೋಡಿಸಿ ಓದಿದಳು.

“ಮುಚ್ತಾರಂತ ಅಕ್ಕಾ.”

“ನಾ ಮೊದಲ ಹೇಳಿದ್ದಿಲ್ಲೇನು,” ಎಂದು ದುರ್ಗವ್ವ ಬಾಗಿಲ ಕಡೆ ಹೊರಳಿದಳು.

ಬಿಚ್ಚಿದ ಅಂಗಿಯ ತುಂಡುಗಳನ್ನು ಮತ್ತೆ ಜೋಡಿಸಿ, ಒಂದೂ ಕಳೆದಿಲ್ಲವೆಂದು ನೋಡದೆ ಏಳುವ ಪದ್ಧತಿ ಸ್ಯಾಂಪಲ್ ವಿಭಾಗದಲ್ಲಿಲ್ಲ. ಶಿವಗಂಗಾಳ ಕೈ ತಾನಾಗಿಯೇ ಚೂರುಗಳನ್ನು, ವಾಕ್ಯ ಕತ್ತರಿಸಿ ತೆಗೆದಿದ್ದ ಪೇಪರಿನ ತೂತಿಗೆ ಕೂಡಿಸತೊಡಗಿತ್ತು. ಎಲ್ಲ ಕೂಡಿದ ಮೇಲೂ ಉಗುರಿನಷ್ಟು ಜಾಗ ಖಾಲಿ ಉಳಿಯಿತು.

“ಅಕ್ಕಾ, ನಿಲ್ಲು. ಕಾಲೆತ್ತು.”

ಹಿಮ್ಮಡಿಗೆ ಅಂಟಿಕೊಂಡಿತ್ತು ಆ ಚೂರು. ‘ನಾಟ್’.

“ಮುಚ್ಚಂಗಿಲ್ಲಂತ,” ಎಂದಳು ಶಿವಗಂಗಾ.

ಆ ಚೂರನ್ನು ಅಂಗೈಯಲ್ಲಿಟ್ಟುಕೊಂಡು ಬೆರಗಾಗಿ ಕೂತಳು. ಉಸಿರು ಬಿಟ್ಟರೆ ಹಾರಿಹೋಗುವಂಥದ್ದು. ಅಷ್ಟುದ್ದದ ವಾಕ್ಯ, ಅಷ್ಟು ದೊಡ್ಡ ಕಾರ್ಖಾನೆ, ಅಷ್ಟೂ ಹೆಂಗಸರ ಅನ್ನ ಇದರ ಮೇಲೆ ನಿಂತಿತ್ತಲ್ಲ ಎಂದು ಮೈ ಜುಮ್ಮೆಂದಿತು. ಅದನ್ನು ಓದಿದ್ದು ತಾನೇ ಎಂಬುದನ್ನಂತೂ ಅವಳಿಗೆ ನಂಬಲಾಗಲಿಲ್ಲ.

ದುರ್ಗವ್ವ ಬಗ್ಗಿ ನೋಡಿದಳು. “ಇದಾ? ಇಷ್ಟಾ?”

ಆಮೇಲೆ ತಾಳಿಸರದ ಪಿನ್ನು ಬಿಚ್ಚಿ, ಚೂರನ್ನು ಅದರ ಜಾಗದಲ್ಲಿಟ್ಟು ಪೇಪರಿಗೆ ಚುಚ್ಚಿದಳು. “ಗಾಳಿ ಭಾಳ ಐತಿ,” ಎಂದು ಗಂಟು ಬಿಚ್ಚಲು ಹೋದಳು.