ನೂರುನ್ನೀಸಾ ಹೊಲಿದ ಓಯ್ಪೆನ್ ಕೋಟು

ಡೆಟ್ರಾಯ್ಟ್ ಹತ್ರ ಸ್ಟರ್ಲಿಂಗ್ ಹೈಟ್ಸಲ್ಲಿ ಬಟ್ಟೆ ಆಲ್ಟರ್ ಮಾಡೋ ಅಂಗಡಿ ಇಟ್ಕೊಂಡಿದಾಳಲ್ಲ ನೂರುನ್ನೀಸಾ, ಅವಳ ಕೈಗೆ ಬಂಗಾರದ ಬಳೆ ತೊಡಿಸ್ಬೇಕು ಕಣೇ. ಅರವತ್ತೆಂಟು ವರ್ಷ. ಮೂಗಿನ ಮೇಲೊಂದು ಕನ್ನಡಕ, ತಲೆ ಮೇಲೊಂದು ಕನ್ನಡಕ. ಆದ್ರೂ ಅವಳು ಹಾಕಿದ ಹೊಲಿಗೆ ಎಲ್ಲಿ ಶುರುವಾಯ್ತು ಅಂತ ಹುಡುಕಿದ್ರೂ ಸಿಗಲ್ಲ. ನಾರ್ತ್‌ವಿಲ್ ಇಂದ ಮೂವತ್ತೈದು ಮೈಲಿ ಡ್ರೈವ್ ಮಾಡ್ಕೊಂಡು ಹೋಗಿ ಬ್ಲೌಸ್ ಕೊಡ್ತಾರೆ ನಮ್ಮವರು. ಅನುರಾಧಾ ಮಗಳ ಮದುವೇಲಿ ಒಂದೇ ವಾರಕ್ಕೆ ಹನ್ನೊಂದು ಬ್ಲೌಸ್... ಅದಿರ್ಲಿ, ಕೋಟಿನ ವಿಷಯಕ್ಕೆ ಬರ್ತೀನಿ.

ಟಿಲ್ಲಿ ಅಂತ ಒಬ್ಬಳು ಗಿರಾಕಿ. ಎಂಬತ್ತಾರು ವರ್ಷದ ಮುದುಕಿ, ಗಂಡ ಕಾರ್ ಪ್ಲಾಂಟಲ್ಲಿ ದುಡಿದು ತೀರ್ಕೊಂಡವನು. ಅವಳು ಹುಟ್ಟಿದ್ದು ಓಯ್ಪೆನ್ ಅನ್ನೋ ಪುಟ್ಟ ಊರಲ್ಲಿ. ಅವಳಪ್ಪ ಅಲ್ಲಿ ಉಣ್ಣೆ ಬಟ್ಟೆ ಮಿಲ್ಲಲ್ಲಿ ಬಣ್ಣ ಅದ್ದೋನು. ಅವನ ಕೋಟು ತಂದು, "ಇದನ್ನ ನನ್ನ ಮೈಗೆ ಆಗೋ ಹಂಗೆ ಚಿಕ್ಕದು ಮಾಡಿಕೊಡು. ಶುಕ್ರವಾರ ಫ್ಲೈಟು. ಅಣ್ಣನಿಗೆ ತೊಂಬತ್ತು ತುಂಬತ್ತೆ, ಅಪ್ಪನ ಕೋಟು ಹಾಕ್ಕೊಂಡೇ ಅವನ ಮುಂದೆ ನಿಲ್ಬೇಕು" ಅಂದ್ಲು. ಇನ್ನೊಂದ್ಸಲ ಅಣ್ಣನ್ನ ನೋಡ್ತೀನೋ ಇಲ್ವೋ ಅಂತ ಬೇರೆ ಸೇರಿಸಿದ್ಲು.

ಸೋಮವಾರ ಅಳತೆ ನೋಡೋಕೆ ಬಂದ್ಲು. ಕೋಟಿನ ಎರಡೂ ತೋಳು ಬಿಚ್ಚಿಟ್ಟಿತ್ತು. ಅಷ್ಟರಲ್ಲಿ ನೂರುನ್ನೀಸಾಗೆ ಮಗ ಸಾಕಿಬನ ಫೋನು. ಗಿರಾಕಿಗೆ ಕನ್ನಡ ಎಲ್ಲಿ ಬರಬೇಕು ಅನ್ನೋ ಧೈರ್ಯ ನೋಡು, ಅವಳೆದುರಿಗೇ, "ಆಮೇಲೆ ಮಾಡೋ, ಜರ್ಮನ್ ಮುದುಕಿ ಬಂದಾಳ" ಅಂದುಬಿಟ್ಲು. ಟಿಲ್ಲಿ ಫೋನಲ್ಲಿ ಅಣ್ಣನ ಜೊತೆ ಜರ್ಮನಲ್ಲಿ ಮಾತಾಡೋದು ಇವಳು ಕೇಳಿದ್ಲಲ್ಲ, ಅದಕ್ಕೆ.

"ಜರ್ಮನ್" ಅನ್ನೋ ಒಂದು ಪದ ಸಾಕಾಯ್ತು, ಟಿಲ್ಲಿ ಮುಖ ಬಿಗಿದ್ಕೊಳ್ತು. "ನಾನು ಬೆಲ್ಜಿಯಂನವಳು. ಆ ಮಾತು ಅನ್ನಿಸ್ಕೊಂಡೇ ನಮ್ಮಪ್ಪ ಸತ್ತ. ಕೋಟು ಕೊಡು."

"ಅಯ್ಯೋ, ತೋಳು ಹಚ್ಚಿಲ್ರೀ ಇನ್ನೂ!"

"ಕೊಡು."

ತೋಳು ಬೇರೆ, ಮೈ ಬೇರೆ, ಚೀಲಕ್ಕೆ ತುರುಕ್ಕೊಂಡು ಹೋದ್ಲು. ಮೂವತ್ತು ವರ್ಷದಲ್ಲಿ ಅರ್ಧ ಬಿಚ್ಚಿದ ಬಟ್ಟೆ ಆ ಅಂಗಡಿ ಬಾಗಿಲು ದಾಟಿರ್ಲಿಲ್ಲ. ನೂರುನ್ನೀಸಾ ಊಟ ಬಿಟ್ಲು. ಅಷ್ಟೊಂದು ನೊಂದ್ಕೊಂಡಿದ್ದು ಯಾಕೆ ಅಂದ್ರೆ, ಅವಳು ಬೀದರ್ ಕಡೆ ಹುಮನಾಬಾದಿನವಳು. ಇಲ್ಲಿ ಎಲ್ರೂ "ಹೈದರಾಬಾದಿ ಆಂಟಿ" ಅಂದ್ರೆ ಅವಳಿಗೆ ಮೈಯೆಲ್ಲ ಉರೀತಿತ್ತು. ಈಗ ಅದೇ ತಪ್ಪು ತನ್ನ ಬಾಯಿಂದ!

ಮಾರನೇ ದಿನ ಮೊಮ್ಮಗಳು ಅರೀಬಾನ್ನ ಕರ್ಕೊಂಡು ಲೈಬ್ರರಿಗೆ ಹೋದ್ಲು. ಮ್ಯಾಪಲ್ಲಿ ಓಯ್ಪೆನ್ ಮೇಲೆ ಬೆರಳಿಟ್ಟು ಅರೀಬಾ, "ದಾದೀ, ಇಟ್ಸ್ ಸೋ ಟೈನಿ!" ಅಂದ್ಲಂತೆ. ಜರ್ಮನಿ ಗಡಿಗೆ ಮೂರ್ನಾಲ್ಕು ಮೈಲಿ. ಮೇಲೆ ಜೌಗು ಬಯಲು, ಅಲ್ಲಿಂದ ಇಳಿಯೋ ನೀರು ಮೆತ್ತಗೆ, ಉಣ್ಣೆ ತೊಳೆಯೋಕೆ ಹೇಳಿ ಮಾಡಿಸಿದ ಹಂಗೆ. ಅದಕ್ಕೇ ಬಟ್ಟೆ ಮಿಲ್ಲುಗಳು. ನೂರು ವರ್ಷ ಪ್ರಷ್ಯಾದವರ, ಅಂದ್ರೆ ಜರ್ಮನ್ನರ ಕೈಲಿತ್ತು. ಮೊದಲನೇ ಯುದ್ಧ ಆದ್ಮೇಲೆ ಬೆಲ್ಜಿಯಂಗೆ ಕೊಟ್ರು. ನಲವತ್ತರಲ್ಲಿ ಹಿಟ್ಲರ್ ಕಿತ್ಕೊಂಡ, ಯುದ್ಧ ಮುಗಿದ್ಮೇಲೆ ಮತ್ತೆ ಬೆಲ್ಜಿಯಂ. ಜನ ಮಾತ್ರ ಮನೇಲೂ ಸ್ಕೂಲಲ್ಲೂ ಜರ್ಮನ್ನೇ ಮಾತಾಡೋದು. ಮಿಲ್ಲುಗಳ ಕಾಲ ಹೋಯ್ತು, ಈಗ ಕೇಬಲ್ಲು, ಚಾಕೊಲೇಟು ಫ್ಯಾಕ್ಟರಿಗಳು. ತುಂಬಾ ಜನ ದಿನಾ ಗಡಿ ದಾಟಿ ಕೆಲಸಕ್ಕೆ ಹೋಗ್ತಾರಂತೆ, ನಮ್ಮವರು ಡೆಟ್ರಾಯ್ಟ್ ಇಂದ ಕೆನಡಾದ ವಿಂಡ್ಸರ್‌ಗೆ ಹೋಗೋ ಹಂಗೆ.

ಬುಧವಾರ ಹೊಲಿಗೆ ಮೆಷಿನ್ನು ಕಾರಿನ ಡಿಕ್ಕೀಲಿ ಇಟ್ಕೊಂಡು ಟಿಲ್ಲಿ ಮನೆಗೇ ಹೋದ್ಲು. ಬಾಗಿಲು ಒಂದು ಗೇಣು ತೆರೀತು.

ನೂರುನ್ನೀಸಾ ಸುತ್ತಿ ಬಳಸಿ ಮಾತಾಡೋಳಲ್ಲ. "ನಂದು ತಪ್ಪಾತು. ನಮ್ಮವ್ವ ಹುಟ್ಟಿದ್ದು ನಿಜಾಮನ ರಾಜ್ಯದಾಗ, ನಮ್ಮಣ್ಣ ಹೈದರಾಬಾದ್ ರಾಜ್ಯದಾಗ, ನಾ ಮೈಸೂರು ರಾಜ್ಯದಾಗ. ನಾ ಸಾಲಿ ಮುಗಿಸೂದ್ರಾಗ ಅದು ಕರ್ನಾಟಕ ಆಗಿತ್ತು. ಮನಿ ಒಂದೇ, ಬಾವಿ ಒಂದೇ. ನನಗರ ಗೊತ್ತಿರಬೇಕಿತ್ತು" ಅಂತ ತನ್ನ ಇಂಗ್ಲಿಷಲ್ಲಿ ಹೇಳಿದ್ಲು.

"ಹಂಗಾದ್ರೆ ಹೇಳು, ಪ್ರಷ್ಯಾಕ್ಕಿಂತ ಮುಂಚೆ ನಮ್ಮೂರು ಯಾರದ್ದು?"

"ಅದು ಓದಿಲ್ಲ. ಲೈಬ್ರರಿ ಮುಚ್ಚಿಬಿಟ್ರು."

ಟಿಲ್ಲಿಗೆ ನಗು ತಡೆಯೋಕಾಗ್ಲಿಲ್ಲ. "ಫ್ರಾನ್ಸು! ಒಳಗೆ ಬಾ."

ಅಡುಗೆಮನೆ ಟೇಬಲ್ ಮೇಲೆ ಕೋಟು ಹರಡಿದ್ರು. ಹೊಲಿಗೆ ಗೊತ್ತಿರೋರ ಕಣ್ಣು ಹೆಂಗಿರತ್ತೆ ನೋಡು. ಗಂಡಸರ ಕೋಟಿಗೆ ಎದೆ ಜೇಬು ಎಡಗಡೆ ಇರತ್ತೆ, ಇದಕ್ಕೆ ಬಲಗಡೆ. ಅಂಚಲ್ಲಿ ಗುಂಡಿ ಹಾಕೋ ಹಳೇ ಕಾಜಾಗಳನ್ನ ನೂಲಿಂದ ನೇಯ್ದು ಮುಚ್ಚಿದಾರೆ. ನೂರುನ್ನೀಸಾ ಬೆರಳು ಅಲ್ಲೇ ನಿಂತ್ಹೋಯ್ತು. "ಇದನ್ನ ಒಂದ್ಸಲ ಪೂರ್ತಿ ಬಿಚ್ಚಿ, ಸವೆದ ಹೊರಮೈ ಒಳಗ, ಒಳಮೈ ಹೊರಗ ಮಾಡಿ ಹೊಲದಾರ. ಇಂಥಾ ಕೈ ನಾ ಕಂಡಿಲ್ಲ."

ಟಿಲ್ಲಿ ಕುರ್ಚಿ ಎಳ್ಕೊಂಡು ಕೂತ್ಲು. "ಅಮ್ಮ. ಯುದ್ಧ ಮುಗಿದ ವರ್ಷದ ಚಳಿಗಾಲ. ಬಟ್ಟೆ ನೇಯೋ ಊರಲ್ಲೇ ಬಟ್ಟೆ ಸಿಗ್ತಿರ್ಲಿಲ್ಲ. ಅವಳು ಏನೋ ಹೊಲೀತಿದ್ದಿದ್ದು ನೆನಪಿದೆ, ಏನು ಅಂತ ಇವತ್ತು ಗೊತ್ತಾಯ್ತು."

ನೂರುನ್ನೀಸಾ ಆ ಕಾಜಾಗಳಿಗೆ ಕತ್ತರಿ ತಾಗಿಸ್ಲಿಲ್ಲ. ಬೆನ್ನಲ್ಲಿ, ಕಂಕುಳಲ್ಲಿ ಹಿಡಿದು ಚಿಕ್ಕದು ಮಾಡಿದ್ಲು. ಅಂಗಡಿಗೆ ಬೀಗ ಹಾಕಿ ಬುಧವಾರ, ಗುರುವಾರ ಎರಡೂ ದಿನ ಅಲ್ಲೇ ಕೂತ್ಲು. ಗುರುವಾರ ಮಧ್ಯಾಹ್ನ ಟಿಲ್ಲಿ ತೊಟ್ಕೊಂಡು, ಎರಡೂ ಕೈ ಮೇಲೆತ್ತಿ, ತಿರುಗಿ ನಿಂತ್ಲು. ಭುಜ ಒಂದು ನೂಲೂ ಜಗ್ಗಲಿಲ್ಲ. ಹೊರಗೆ ಎಂಬತ್ತೆಂಟು ಡಿಗ್ರಿ ಫ್ಯಾರನ್‌ಹೀಟ್ ಸೆಖೆ, ಆದ್ರೂ ಬಿಚ್ಚೋಕೆ ಒಪ್ಲಿಲ್ಲ ಮುದುಕಿ.

"ನಾಳೆ ಬೆಳಿಗ್ಗೆ ಹತ್ತಕ್ಕೆ ಏರ್‌ಪೋರ್ಟಿಗೆ ನೀನೇ ಬಿಡು" ಅಂದ್ಲು. "ನನ್ನ ಮಗ ಡ್ರೈವ್ ಮಾಡೋದು ನಮ್ಮ ಪಕ್ಕದ ದೇಶ ಲಕ್ಸೆಂಬರ್ಗ್‌ನವರ ಥರ, ಅಡ್ಡಾದಿಡ್ಡಿ. ನಂಬೋಕಾಗಲ್ಲ."