ಡಿಸ್ಕಿನಲ್ಲಿ ಹಿಡಿಸದ ಸೋದರಮಾವ

ಭಾನುವಾರ, ಜೂನ್ ಹದಿನಾಲ್ಕು, ಬೆಳಿಗ್ಗೆ ಹತ್ತೂಕಾಲು. ಆರು ಜಿಬಿ ಸೋಬಾನೆಯನ್ನು ಒಂದು ಡಿವಿಡಿಗೆ ತುಂಬುವ ಕೆಲಸ ಹಾಸನದ ನಮ್ಮ ಮನೆಯ ಊಟದ ಮೇಜಿನ ಮೇಲೆ ಶುರುವಾಯಿತು. ಡಿಸ್ಕಿನ ಮೇಲೆ ನಾಲ್ಕು ಪಾಯಿಂಟ್ ಏಳು ಜಿಬಿ ಎಂದು ಬರೆದಿರುತ್ತದೆ. ಕಂಪ್ಯೂಟರಿಗೆ ಹಾಕಿದರೆ ಅದಕ್ಕಿಂತ ಕಡಿಮೆ ತೋರಿಸುತ್ತದೆ. ಕಲ್ಯಾಣಮಂಟಪದವರು ಸಾವಿರ ಜನ ಕೂರಬಹುದು ಅಂದ ಹಾಗೆ.

ಚನ್ನರಾಯಪಟ್ಟಣದ ನನ್ನ ದೊಡ್ಡಮ್ಮ ಮತ್ತು ಅವರ ತಂಡ ನಮ್ಮೂರ ಕೇಬಲ್ ಚಾನೆಲಿನ ನೇರಪ್ರಸಾರದಲ್ಲಿ ಎರಡು ಗಂಟೆ ಸೋಬಾನೆ ಹಾಡಿದ್ದರು. ನಾನು ಸೆಟ್‌ಟಾಪ್ ಬಾಕ್ಸಿಗೆ ಪೆನ್‌ಡ್ರೈವ್ ಚುಚ್ಚಿ ರೆಕಾರ್ಡ್ ಮಾಡಿಕೊಂಡಿದ್ದೆ.

"ಅದ್ನ ಸೀಡಿ ಮಾಡ್ಕೊಡ್ಲಾ ಮಗ, ಒಳೇನರಸೀಪುರಕ್ ತಕೊಂಡೋಗ್ಬೇಕು" ಅಂದರು ದೊಡ್ಡಮ್ಮ.

ಹೊಳೆನರಸೀಪುರದಲ್ಲಿರುವುದು ಅವರ ತಮ್ಮ, ನನ್ನ ಸೋದರಮಾವ. ಮಾವನ ಡಬ್ಬಾ ಟಿವಿಗೆ ಪೆನ್‌ಡ್ರೈವ್ ತೂರಿಸಲು ತೂತಿಲ್ಲ. ಪಕ್ಕದಲ್ಲಿ ಡಿವಿಡಿ ಪ್ಲೇಯರ್ ಇದೆ. ಅಕ್ಕನ ಜೊತೆ ಮಾತಂತೂ ಇಲ್ಲವೇ ಇಲ್ಲ. ದೊಡ್ಡಮ್ಮನ ಮಗಳ ಲಗ್ನಪತ್ರಿಕೆಯಲ್ಲಿ ಜಾಗ ಸಾಲದೆ ಸೋದರಮಾವನ ಹೆಸರೇ ಬಿಟ್ಟುಹೋಗಿತ್ತು. ಗಣೇಶನ ಚಿತ್ರ ಮಾತ್ರ ಎರಡಿತ್ತು. "ಎಲ್ಡು ಗಣೇಶ ಅವ್ನಲ್ಲ, ಸ್ವಾದರಮಾವನ ಶಾಸ್ತ್ರಾನೂ ಅವ್ನ್ ಕೈಲೇ ಮಾಡುಸ್ಕಳಿ" ಅಂದ ಮಾವ ಅಲ್ಲಿಂದಾಚೆಗೆ ಆ ಮನೆಯ ಹೊಸಿಲು ತುಳಿದಿಲ್ಲ.

ವಿಡಿಯೊ ಕುಗ್ಗಿಸುವ ವಿದ್ಯೆಯ ನ್ಯಾಯ ನಮ್ಮ ಮನೆಯ ನ್ಯಾಯದಂತೆಯೇ: ಸುಮ್ಮನೆ ಕೂತವರಿಗೆ ಕಡಿಮೆ ಜಾಗ, ಕುಣಿದಾಡುವವರಿಗೆ ಹೆಚ್ಚು. ದೊಡ್ಡಮ್ಮನ ತಂಡ ಗ್ರೂಪ್ ಫೋಟೊಗೆ ಕೂತಂತೆ ಕೂತಿತ್ತು. ಜಾಗ ತಿನ್ನುತ್ತಿದ್ದದ್ದು ಎರಡೇ: ಕೈ ಬೀಸಿ ಬೀಸಿ ಭಾಷಣ ಮಾಡಿದ ಮುಖ್ಯ ಅತಿಥಿ, ಮತ್ತು ಪರದೆಯ ಕೆಳಗೆ ಓಡುತ್ತಿದ್ದ ಶುಭಾಶಯಗಳ ಸಾಲು. ಅತಿಥಿಗಳು ದೊಡ್ಡವರು, ಮುಟ್ಟಬಾರದು. ಸಾಲಿನಲ್ಲಿದ್ದದ್ದು ಕೋಳಿ ಅಂಗಡಿ, ಬೋರ್‌ವೆಲ್ಲು, ಯಾರದೋ ಹುಟ್ಟುಹಬ್ಬ. ಅದರ ಮೇಲೆ ಉದ್ದಕ್ಕೂ ಒಂದು ಕಪ್ಪು ಪಟ್ಟಿ ಎಳೆದೆ. ಮೂರನೆಯ ಪ್ರಯತ್ನಕ್ಕೆ ಡಿಸ್ಕಿನಲ್ಲಿ ಹಿಡಿಸಿತು. ಕಣ್ಣಿಗೆ ಬೇಡದ್ದನ್ನು ಬಿಟ್ಟುಬಿಡುವುದೇ ಈ ವಿದ್ಯೆ. ಯಾರ ಕಣ್ಣಿಗೆ ಎಂದು ಅದು ಕೇಳುವುದಿಲ್ಲ, ನಾನೂ ಕೇಳಿರಲಿಲ್ಲ.

ಬುಧವಾರ ಚನ್ನರಾಯಪಟ್ಟಣಕ್ಕೆ ಒಯ್ದು ಹಾಕಿ ತೋರಿಸಿದೆ. ದೊಡ್ಡಮ್ಮ ಪರದೆಯ ಮೇಲಿನ ತಮ್ಮ ಮುಖವನ್ನು ನೋಡಲೇ ಇಲ್ಲ.

"ಕೆಳ್ಗಡೆ ಓಡ್ತಿತ್ತಲ್ಲ, ಎಲ್ಲೋಯ್ತ್ಲಾ?"

"ಮುಚ್ಚಿದೆ ದೊಡ್ಡಮ್ಮ. ಜಾಗ ಇರ್ಲಿಲ್ಲ."

"ಲಗ್ನಪತ್ರಿಕೆ ಮಾಡ್ದೋನೂ ಇಂಗೇ ಅಂದಿದ್ದ ಕಣ್ಲಾ!"

ಆಗ ಗೊತ್ತಾಯಿತು. ಹಾಡುತ್ತಾ ಹಾಡುತ್ತಾ ಸ್ಟುಡಿಯೊದಲ್ಲಿ ಎದುರಿಗಿದ್ದ ಟಿವಿಯಲ್ಲಿ ಅವರು ಒಂದೇ ಒಂದು ಸಲ ನೋಡಿದ್ದರು: "ಅಕ್ಕನ ತಂಡಕ್ಕೆ ಶುಭ ಕೋರುವವರು", ಅದರ ಹಿಂದೆಯೇ ಮಾವನ ಹೆಸರು, ಊರು. ಅವರ ಮನೆಯಲ್ಲಿ ಯಾರೂ ನಂಬಿರಲಿಲ್ಲ. ತಮ್ಮ ಒಂದು ಹೆಜ್ಜೆ ಇಟ್ಟಿದ್ದಾನೆ, ಇನ್ನೊಂದು ತಾನು ಇಡಬೇಕು ಎಂದು ಈ ಡಿಸ್ಕು. ಲಗ್ನಪತ್ರಿಕೆ ಒಮ್ಮೆ ಬಿಟ್ಟಿದ್ದ ಮಾವನನ್ನು ನಾನು ಎರಡನೆಯ ಸಲ ಬಿಟ್ಟಿದ್ದೆ.

"ನನ್ ಮಕ ಮಸುಕಾದ್ರೂ ಆಗ್ಲಿ, ಅವನ್ ಎಸ್ರು ಕಾಣ್ಬೇಕು. ಆ ಕೈ ಬೀಸೋ ಅಯ್ಯನ್ನ ತಗ್ದು ಬಿಸಾಕು!"

ಪುಣ್ಯಕ್ಕೆ ಪೆನ್‌ಡ್ರೈವಿನಲ್ಲಿ ಮೂಲ ಇನ್ನೂ ಇತ್ತು. ಅತಿಥಿಗಳನ್ನು ಬಿಸಾಕಿದೆ, ಪಟ್ಟಿ ಸರಿಸಿದೆ. ಮಾವ ಕೋಳಿ ಅಂಗಡಿಯ ಹಿಂದೆಯೇ ಓಡಿ ಬಂದರು. ಅತಿಥಿಗಳು ಹೋದ ಮೇಲೆ ಕಾರ್ಯಕ್ರಮವೂ ಸುಧಾರಿಸಿತು. ಇದು ಶುದ್ಧ ತಾಂತ್ರಿಕ ಅಭಿಪ್ರಾಯ.

ಮುಂದಿನ ಭಾನುವಾರ ದೊಡ್ಡಮ್ಮನೂ ನಾನೂ ಹೊಳೆನರಸೀಪುರದಲ್ಲಿ ಇಳಿದೆವು. ಮಾವ "ಬಾ" ಅನ್ನಲಿಲ್ಲ, "ಓಗು" ಅನ್ನಲೂ ಇಲ್ಲ. ಅತ್ತೆ ಕಾಫಿ ಕೊಟ್ಟರು. ಡಿಸ್ಕು ತಿರುಗಿತು, ಹೆಸರು ಬಂತು. ಮಾವ ಟಿವಿ ನೋಡಿದರು, ಆಮೇಲೆ ಅತ್ತೆಯನ್ನು ನೋಡಿದರು. "ಕಾಪಿ ಇಡ್ತೀನಿ" ಎಂದು ಅತ್ತೆ ಒಳಗೆ ಹೋದರು; ನಮ್ಮ ಕೈಯಲ್ಲಿದ್ದ ಲೋಟಗಳಲ್ಲಿ ಇನ್ನೂ ಹೊಗೆಯಾಡುತ್ತಿತ್ತು.

ಮಾವ ಗಂಟಲು ಸರಿಮಾಡಿಕೊಂಡರು. "ಊಂ, ನಾನೇ ಕೊಡ್ಸಿದ್ದು ಕಣಕ್ಕ. ಎಸ್ರು ವಸಿ ಸಣ್ಣುಕ್ ಬಂದದೆ."

"ಬರ್ದೇ ಇರೋದ್ಕಿಂತ ವಾಸಿ ಕಣ್ಲಾ" ಅಂದರು ದೊಡ್ಡಮ್ಮ, ಸೆರಗಿನಲ್ಲಿ ಮುಖ ಒರೆಸಿಕೊಂಡು.

"ಲೇ, ಇನ್ನೊಂದ್ಸಲ ಇಂದಕ್ ಓಡ್ಸು" ಎಂದರು ಮಾವ ನನಗೆ. ನಾಲ್ಕು ಸಲ ಓಡಿಸಿದೆ. ಸೋಬಾನೆಯನ್ನು ಯಾರೂ ಪೂರ್ತಿ ಕೇಳಲಿಲ್ಲ.

ನನ್ನ ದಿನಚರಿಯಲ್ಲಿ ಒಂದೇ ಒಂದು ಜಾಗ ಖಾಲಿ ಉಳಿದಿದೆ: ಕೇಬಲ್ ಆಫೀಸಿಗೆ ಫೋನ್ ಮಾಡಿ ಆ ಹೆಸರು ಬರೆಸಿದ್ದು ಯಾರು? ಖಚಿತವಾಗಿ ಗೊತ್ತಿರುವವರು ದಯವಿಟ್ಟು ನನಗೆ ಒಂದು ಸಾಲು ಬರೆಯಿರಿ. ಮಾವನಿಗೆ ಮಾತ್ರ ತಿಳಿಸಬೇಡಿ. ತಾವೇ ಕೊಡಿಸಿದ್ದು ಎಂದು ಈಗ ಅವರೂ ನಂಬಿದ್ದಾರೆ.