ಡಿಫೆಂಡರಿಗೆ ಹೊದಿಸಿದ ಶಾಲು

ನನ್ನ ಬಾಯಿ ಜೋರು ಎಂದು ಉಡುಪಿಯಲ್ಲೂ ಹೇಳುತ್ತಿದ್ದರು, ಮಲೇಷ್ಯಾದ ನಿಲಾಯ್‌ಗೆ ಬಂದ ಮೇಲೂ ಹೇಳುತ್ತಾರೆ. ಹೇಳಲಿ ಬಿಡಿ. ಫಿಸಿಯೋಥೆರಪಿ ಮಾಡುವವಳಿಗೆ ಅಷ್ಟು ಬಾಯಿ ಬೇಕೇ ಬೇಕು. "ವ್ಯಾಯಾಮ ಮಾಡ್ಲಿಲ್ಲ ನೀವು, ನನ್ನ ಹತ್ರ ಸುಳ್ಳು ಹೇಳ್ಬೇಡಿ" ಎಂದು ದೊಡ್ಡ ದೊಡ್ಡ ಪ್ರೊಫೆಸರುಗಳಿಗೇ ಹೇಳಿದವಳು ನಾನು. ಅಂಥ ಬಾಯಿಗೂ ಒಬ್ಬರ ಮುಂದೆ ಬೀಗ ಬಿತ್ತು. ಅವರು ಐರ್ಲೆಂಡಿನವರು, ಫುಟ್‌ಬಾಲಿನಲ್ಲಿ ಡಿಫೆಂಡರ್.

ಇಲ್ಲಿನ ಶಾಲೆಯೊಂದರಲ್ಲಿ ಆಟ ಕಲಿಸಲು ಬಂದು ಇಲ್ಲೇ ನೆಲೆಯಾದವರು. ವಯಸ್ಸು ಅರವತ್ತರ ಹತ್ತಿರ. ಕೆಂಪು ಮುಖ, ಬಿಳಿ ಹುಬ್ಬು, ರಸ್ತೆಗೆ ಅಡ್ಡ ನಿಂತ ಎಮ್ಮೆಯಂಥ ಗಾತ್ರ. ಶನಿವಾರ ಬೆಳಿಗ್ಗೆ ನಮ್ಮ ಕನ್ನಡದವರು ಆಡುವುದನ್ನು ಮೂರು ವಾರ ಬೇಲಿಯಾಚೆ ನಿಂತು ನೋಡಿದರಂತೆ. ನಾಲ್ಕನೆಯ ವಾರ ತಡೆಯಲಾರದೆ ಒಳಗೆ ಬಂದು, ಗೋಲ್‌ಕೀಪರ್ ಆಗಿದ್ದ ನನ್ನ ಗಂಡನನ್ನು ಕೇಳಿದರು: "ನಿಮ್ಮ ಮುಂದೆ ಯಾರೂ ನಿಲ್ಲೋದೇ ಇಲ್ವಲ್ಲ, ನಾನು ನಿಲ್ಲಲಾ?"

ಅವರು ಹೇಳಿದ್ದು ಸರಿಯೇ. ನಾನು ಕೆಲಸ ಮಾಡುವ ಮೆಡಿಕಲ್ ಕಾಲೇಜಿನ ಡಾಕ್ಟರುಗಳು, ಪುತ್ರಜಯಾ ಕಡೆಯಿಂದ ಕಾರಿನಲ್ಲಿ ಬರುವ ಸಾಫ್ಟ್‌ವೇರಿನವರು, ಎಲ್ಲರಿಗೂ ಗೋಲು ಹೊಡೆಯುವ ಚಪಲ. ಹಿಂದೆ ನಿಂತು ಕಾಯುವ ಕೆಲಸ ಯಾರಿಗೆ ಬೇಕು? ಅಂದು ನಿಂತವರು ಆರು ವರ್ಷ ಆ ಜಾಗ ಬಿಡಲಿಲ್ಲ. "ಹಿಂದೆ ಬನ್ರೋ!" "ಬಿಡ್ಬೇಡ, ಬಿಡ್ಬೇಡ!" ಎಂದು ಕನ್ನಡದಲ್ಲೇ ಗದರುವುದನ್ನೂ ಕಲಿತರು. ನಮಗೆಲ್ಲ ಅವರು ಕೋಚ್ ಆದರು.

ಆಟ ಮುಗಿಸಿ ಎಲ್ಲರೂ ತಮಿಳು ಮುಸಲ್ಮಾನರ ಮಾಮಕ್ ಹೋಟೆಲಿಗೆ ಹೋಗಿ ಪರೋಟದಂಥ ರೊಟ್ಟಿ ಚನಾಯ್ ತಿನ್ನುವುದು ರೂಢಿ. ತಮ್ಮ ಕಥೆಯನ್ನು ಕೋಚ್ ತಾವಾಗಿ ಹೇಳುವವರಲ್ಲ. ನಾನು ಬಿಡುತ್ತೇನೆಯೇ? ಕೆದಕಿ ಕೆದಕಿ ಕೇಳಿದೆ. ಅವರು ಹೇಳಿದ್ದೆಲ್ಲ ಇಂಗ್ಲಿಷಿನಲ್ಲಿ. ನನ್ನ ನೆನಪಿನಲ್ಲಿ ಮಾತ್ರ ಅದು ನಮ್ಮ ಮಾತಿನಲ್ಲೇ ಉಳಿದಿದೆ. ಸಣ್ಣ ಊರಿನ ಸಣ್ಣ ಕ್ಲಬ್ಬು. ಹಗಲು ಹಾಲಿನ ಫ್ಯಾಕ್ಟರಿಯಲ್ಲಿ ಕೆಲಸ, ಸಂಜೆ ಅಭ್ಯಾಸ. ಮೀಸೆ ಚಿಗುರುವಾಗ ಸೇರಿದವರು ತಲೆ ನರೆಯುವವರೆಗೂ ಅಲ್ಲೇ ಆಡಿದರು. ದೊಡ್ಡ ಕ್ಲಬ್ಬಿನವರು ಒಮ್ಮೆ ಕರೆದರಂತೆ. ಆ ವಾರ ತಮ್ಮ ಕ್ಲಬ್ಬಿನ ಇನ್ನೊಬ್ಬ ಡಿಫೆಂಡರನ ಕಾಲು ಮುರಿದಿತ್ತು ಎಂದು ಇವರು ಹೋಗಲಿಲ್ಲ.

"ಅಷ್ಟು ವರ್ಷದಲ್ಲಿ ಗೋಲು ಎಷ್ಟು ಹೊಡೆದ್ರಿ ಕೋಚ್?" ಎಂದು ಕೇಳಿದೆ.

"ಎರಡು. ಒಂದು ನಮ್ಮ ಗೋಲಿಗೇ."

ನಾವು ನಕ್ಕು ನಕ್ಕು ಸುಸ್ತಾದೆವು. ಅವರೂ ನಕ್ಕರು. ಆಮೇಲೆ, "ಊರಲ್ಲಿ ಈಗಲೂ ಜ್ಞಾಪಕ ಇಟ್ಟುಕೊಂಡಿರೋದು ನಮ್ಮ ಗೋಲಿಗೆ ಹೊಡೆದದ್ದನ್ನೇ" ಎಂದರು. ಅಯ್ಯೋ ಪಾಪ ಅನಿಸಿತು ನನಗೆ. ಸಾರಿಗೆ ಉಪ್ಪು ಸರಿಯಾಗಿ ಬಿದ್ದ ದಿನ ಯಾರಾದರೂ ಉಪ್ಪನ್ನು ಹೊಗಳುತ್ತಾರೆಯೇ?

ಹೋದ ವರ್ಷ ಅವರ ಬಲಗಾಲು ನನ್ನ ಕಣ್ಣಿಗೆ ಬಿತ್ತು. ಮೆಟ್ಟಿಲು ಇಳಿಯುವಾಗ ಕಂಬಿ ಹಿಡಿಯುತ್ತಿದ್ದರು. ಮೊಣಕಾಲು ಮುಟ್ಟಿದರೆ ಬಿಸಿ. "ನೋವಿದೆಯಾ?" ಎಂದರೆ, "ಏನೂ ಇಲ್ಲ." ನಾನೇ ಗದರಿ ಸ್ಕ್ಯಾನ್ ಮಾಡಿಸಿದೆ. "ರಿಪೋರ್ಟು ನೀವೇ ನೋಡಿ, ನೀವೇ ಹೇಳಿ. ಡಾಕ್ಟರ ಹತ್ತಿರ ನಾನು ಹೋಗಲ್ಲ" ಎಂದು ಹಟ ಹಿಡಿದರು. ರಿಪೋರ್ಟು ಬಂತು. ನಮ್ಮ ಕಾಲೇಜಿನ ಮೂಳೆ ಡಾಕ್ಟರಿಗೆ ತೋರಿಸಿದೆ. ಕೀಲಿನ ಮೆತ್ತೆ ಪೂರ್ತಿ ಸವೆದಿದೆ, ಇನ್ನು ಆಡಿದರೆ ನಡೆಯುವುದೂ ಕಷ್ಟ, ಇವತ್ತೇ ನಿಲ್ಲಿಸಲು ಹೇಳಿ ಎಂದರು ಅವರು.

ಹೇಳಬೇಕಿತ್ತು. ಹೇಳಲಿಲ್ಲ. ಶನಿವಾರದ ಆ ಆಟ ಒಂದನ್ನು ಬಿಟ್ಟರೆ ಆ ಮನುಷ್ಯರಿಗೆ ವಾರದಲ್ಲಿ ಇನ್ನೇನಿದೆ ಎಂದು ನನಗೆ ಚೆನ್ನಾಗಿ ಗೊತ್ತಿತ್ತು. "ರಿಪೋರ್ಟು ಇನ್ನೂ ಪೂರ್ತಿ ನೋಡ್ಲಿಲ್ಲ, ಸದ್ಯಕ್ಕೆ ಐಸ್ ಇಡಿ" ಎಂದು ಎರಡು ವಾರ ತಳ್ಳಿದೆ. ಪರರ ಕಾಲಿನ ಗುಟ್ಟು, ಗಂಡನಿಗೂ ಹೇಳುವಂತಿಲ್ಲ. ಬಿಸಿ ತುಪ್ಪ, ನುಂಗುವುದಕ್ಕೂ ಆಗದು, ಉಗುಳುವುದಕ್ಕೂ ಆಗದು.

ಆಗ ಹೊಳೆಯಿತು ನೋಡಿ ನನ್ನ ದಿವ್ಯ ಉಪಾಯ. ಪೆನಾಂಗಿನ ಬಯಾನ್ ಲೆಪಾಸ್‌ ಫ್ಯಾಕ್ಟರಿಗಳಲ್ಲಿರುವ ಕನ್ನಡದ ಎಂಜಿನಿಯರುಗಳು ವರ್ಷಕ್ಕೊಮ್ಮೆ ಅಲ್ಲಿಂದ ಬಸ್ಸು ಮಾಡಿಕೊಂಡು ನಮ್ಮ ಮೇಲೆ ಆಡಲು ಬರುತ್ತಾರೆ. ಆ ದಿನ ಕೋಚ್‌ಗೆ ಸನ್ಮಾನ ಮಾಡಿಬಿಡುವುದು! ಶಾಲು, ಹಾರ, ಹಣ್ಣಿನ ಬುಟ್ಟಿ, ಮೈಸೂರು ಪೇಟ. ನಮ್ಮಲ್ಲಿ ಶಾಲು ಹೊದಿಸಿದರೆಂದರೆ ಯಾರಿಗೆ ತಿಳಿಯುವುದಿಲ್ಲ? ಎಷ್ಟು ಹೆಡ್‌ಮಾಸ್ತರರನ್ನು, ಎಷ್ಟು ಬ್ಯಾಂಕ್ ಮ್ಯಾನೇಜರರನ್ನು ನಾವು ಹಾಗೆ ಹೊಗಳಿ ಹೊಗಳಿ ಮನೆಗೆ ಕಳಿಸಿಲ್ಲ! ಕೋಚ್ ತಾವೇ ಅರ್ಥ ಮಾಡಿಕೊಂಡು, ಕೈಮುಗಿದು, "ಇನ್ನು ಸಾಕು" ಎನ್ನುತ್ತಾರೆ. ಹಾವೂ ಸಾಯಬಾರದು, ಕೋಲೂ ಮುರಿಯಬಾರದು.

ಮೈಸೂರಿನವರಾದ ನನ್ನ ಗಂಡ ಕುಣಿದಾಡಿದರು. "ಎಂಥ ಒಳ್ಳೇ ಐಡಿಯಾ ಕಣೇ! ಪೇಟದ ಜವಾಬ್ದಾರಿ ನಂದು." ನಾನು ತಮಿಳರ ಅಂಗಡಿಗೆ ಹೋಗಿ ದಪ್ಪನೆಯ ಮಲ್ಲಿಗೆ ಹಾರ ಹೇಳಿದೆ. ಅಂಗಡಿಯವನು, "ಯಾರುಕ್ಕು ಕಲ್ಯಾಣಂ ಅಕ್ಕಾ?" ಎಂದು ಕೇಳಿದ. ಮದುವೆಯಲ್ಲ ಮಾರಾಯ, ಬೀಳ್ಕೊಡುಗೆ ಎಂದು ಬಾಯಿಗೆ ಬಂದದ್ದನ್ನು ನುಂಗಿಕೊಂಡೆ.

ಆ ಶನಿವಾರ ಆಟಕ್ಕೆ ಮುಂಚೆ ಎರಡೂ ತಂಡಗಳು ಸಾಲಾಗಿ ನಿಂತವು. ಬೂಟು ಕಟ್ಟಿ, ನಿಕ್ಕರಿನಲ್ಲಿ ನಿಂತಿದ್ದ ಕೋಚ್‌ಗೆ ಶಾಲು ಹೊದಿಸಿದರು, ಪೇಟ ತೊಡಿಸಿದರು. ಆರು ವರ್ಷದ ಸೇವೆ ಎಂದು ನಮ್ಮ ಕನ್ನಡ ಸಂಘದ ಅಧ್ಯಕ್ಷರು ಉದ್ದಕ್ಕೆ ಭಾಷಣ ಬಿಗಿದರು. ಎಲ್ಲರೂ ಚಪ್ಪಾಳೆ ತಟ್ಟಿದರು, ನಾನು ಎಲ್ಲರಿಗಿಂತ ಜೋರಾಗಿ. ಕೋಚ್ ಮಾತ್ರ ಬೆನ್ನು ಬಗ್ಗಿಸಿ ನೆಲ ನೋಡುತ್ತಿದ್ದರು.

ಗಂಡ ಗ್ಲೌಸ್ ಹಾಕಿಕೊಳ್ಳುತ್ತಾ ನನ್ನ ಹತ್ತಿರ ಬಂದರು. "ಲೇ, ಏನೋ ಸರಿಯಿಲ್ಲ. ಆರು ವರ್ಷದಿಂದ ಅವರ ಹಿಂದೆ ನಿಂತು ನೋಡಿದೀನಿ, ಆ ಬೆನ್ನು ಹೀಗೆ ಬಗ್ಗಿದ್ದೇ ಇಲ್ಲ."

"ನಾನೆಂತ ಮಾಡಿದೆ?" ಎಂದು ರೇಗಿದೆ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಹಾಗಾಯಿತು ನನ್ನ ಕಥೆ.

ಕೋಚ್ ನೆಟ್ಟಗೆ ನನ್ನ ಕಡೆಗೇ ಬಂದರು. ಬೆಂಚಿನ ಮೇಲೆ ಕೂತು, ಹಾರ ತೆಗೆದು ಪಕ್ಕಕ್ಕಿಟ್ಟರು.

"ನಮ್ಮೂರಲ್ಲೂ ಹೀಗೇ ಮಾಡಿದ್ರು," ಎಂದರು. "ಆಟಕ್ಕೆ ಮುಂಚೆ ಹೂವು ಕೊಟ್ಟರು, ಗಾಜಿನ ಬಟ್ಟಲು ಕೊಟ್ಟರು, ಊರೆಲ್ಲ ಎದ್ದು ಚಪ್ಪಾಳೆ ತಟ್ಟಿತು. ನನಗೆ ಎಷ್ಟು ಖುಷಿ! ಮುಂದಿನ ವಾರ ಹೋಗಿ ನೋಡಿದ್ರೆ ಗೋಡೆ ಮೇಲಿನ ಪಟ್ಟಿಯಲ್ಲಿ ನನ್ನ ಹೆಸರಿಲ್ಲ. ಅದರ ಮುಂದಿನ ವಾರವೂ ಇಲ್ಲ. ಅಷ್ಟು ವರ್ಷ ಆಡಿದ್ದೆ. ಒಬ್ಬರಾದ್ರೂ ಬಂದು ನನ್ನ ಮುಖ ನೋಡಿ ಹೇಳಲಿಲ್ಲ."

ಎಂಥ ಕೆಲಸ ಮಾಡಿಬಿಟ್ಟೆ ನಾನು! ಮರ್ಯಾದೆ ಕೊಡುತ್ತೇವೆ ಅಂದುಕೊಂಡು ಆ ಮನುಷ್ಯರ ಹಳೆಯ ಗಾಯವನ್ನೇ ಕೆರೆದಿದ್ದೆ. ನಾಚಿಕೆಯಿಂದ ತಲೆ ಎತ್ತಲಾಗಲಿಲ್ಲ.

"ರಿಪೋರ್ಟು ಬಂದಿದೆ, ಅಲ್ವಾ?" ಎಂದು ಕೇಳಿದರು.

"ಬಂದಿದೆ."

"ಹಾಗಾದ್ರೆ ಹೇಳಿ. ನಿಮ್ಮ ಬಾಯಿ ಜೋರು ಅಂತ ನಂಬಿಯೇ ನಿಮ್ಮ ಕೈಗೆ ಕೊಟ್ಟದ್ದು."

ರೆಫರಿ ಸೀಟಿ ಊದಿ ಎಲ್ಲರನ್ನೂ ಕರೆಯುತ್ತಿದ್ದ. ನಾನು ತಲೆ ಎತ್ತಿ ಅವರ ಮುಖ ನೋಡಿದೆ. "ಸಾಕು ಕೋಚ್. ನೀವಿನ್ನು ಆಡ್ಬಾರ್ದು. ಮೊಣಕಾಲು ಮುಗಿದಿದೆ."

"ಇವತ್ತೊಂದು ದಿನ?"

"ಇವತ್ತೂ ಇಲ್ಲ."

ಅವರು ತಲೆಯಾಡಿಸಿದರು. ಮೈದಾನದ ಕಡೆ ತಿರುಗಿ, ಬೆರಳು ತೋರಿಸಿ, ತಮ್ಮ ಜಾಗಕ್ಕೆ ಒಬ್ಬ ಡಾಕ್ಟರನ್ನು ಕಳಿಸಿದರು. ಬೂಟಿನ ಲೇಸು ಬಿಚ್ಚಲು ಬಗ್ಗಿದರು, ಕಾಲು ಮಡಿಸಲಾಗಲಿಲ್ಲ. ನಾನೇ ಹುಲ್ಲಿನ ಮೇಲೆ ಕೂತು ಆ ಕಾಲನ್ನು ತೊಡೆಯ ಮೇಲಿಟ್ಟುಕೊಂಡು ಗಂಟು ಬಿಚ್ಚಿದೆ. ಕಣ್ಣು ತುಂಬಿ ಲೇಸೇ ಕಾಣುತ್ತಿರಲಿಲ್ಲ.

"ನೋಯ್ತದಾ?" ಎಂದೆ.

"ತುಂಬಾ," ಎಂದರು ಕೋಚ್. "ಎರಡು ವರ್ಷ ಆಯ್ತು. ಹೇಳಿದ್ರೆ ನೀವು ನಿಲ್ಲಿಸಿಬಿಡ್ತೀರಿ ಅಂತ ನಾನೂ ಹೇಳಿರಲಿಲ್ಲ."